ಹೆಣೆಯುವ ಕೈಗೆ ತಕ್ಕ ಕಾಣಿಕೆ

ಕಾಣಿಕೆ ಕೊಡುವದು ಸುಲಭವಾದ ಕೆಲಸವೆಂದು ಅನೇಕರು ನೆನಸುತ್ತಾರೆ. ಕೈಯಲ್ಲಿ ಹಣವಿದ್ದರೆ ಅಂಗಡಿಯಲ್ಲಿ ಸಾಮಾನು ದೊರಕುವದು. ಕೊಂಡು ತಂದು ಕೊಟ್ಟರೆ ತೀರಿತು ಅನ್ನುತ್ತಾರೆ. ನಾವೂ ಹಾಗೆಯೇ ನೆನಸಿದ್ದೆವು. ಆದರೆ ನಮ್ಮ ಸಭೆಯವರು ಒಬ್ಬ ವೃದ್ಧ ತಾಯಿಗೆ ಒಳ್ಳೇ ಮನಸ್ಸಿನಿಂದ ಕೊಟ್ಟ ಕಾಣಿಕೆಯು ಆಕೆಗೆ ದುಃಖವನ್ನೇ ಉಂಟುಮಾಡಿತು. ಅದು ಹೇಗಾಯಿತು, ಆ ತಪ್ಪನ್ನು ತಿದ್ದುವದಕ್ಕೆ ನಾವು ಏನೇನು ಕಲಿಯಬೇಕಾಯಿತು ಎಂಬದನ್ನು ಈ ಪಾಠದಲ್ಲಿ ಹೇಳುತ್ತೇವೆ. ನಿಮ್ಮ ಮನೆಯಲ್ಲಾಗಲಿ ಸಭೆಯಲ್ಲಾಗಲಿ ಉಲ್ಲನ್ ಹೆಣೆಯುವವರು ಒಬ್ಬರಾದರೂ ಇದ್ದರೆ ಇದು ನಿಮಗೆ ಪ್ರಯೋಜನವಾಗುವದು.

ನಮ್ಮ ಹಳ್ಳಿಯು ವೈಟ್‌ಫೀಲ್ಡಿಗೆ ಮೂಡಲಲ್ಲಿದೆ. ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿ ಬದುಕಲೆಂದು ಡಿ. ಎಸ್. ವೈಟ್ ಎಂಬವರು, ಮೈಸೂರಿನ ಅರಸರಾದ ಹತ್ತನೆಯ ಚಾಮರಾಜ ಒಡೆಯರು ದಯಪಾಲಿಸಿದ ಭೂಮಿಯಲ್ಲಿ, 1882ರಲ್ಲಿ ಆ ಊರನ್ನು ಸ್ಥಾಪಿಸಿದರು. ಹೊಲಗಳಿದ್ದ ಸ್ಥಳದಲ್ಲಿ ಈಗ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ನಿಂತಿವೆ. 2023ರಿಂದ ಮೆಟ್ರೋ ರೈಲು ಕೂಡ ಅಲ್ಲಿಗೆ ಬರುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರು ಆ ಕಟ್ಟಡಗಳಲ್ಲಿಯೂ, ಕೆಲವರು ಪಟ್ಟಣದ ಆಚೆ ಬದಿಯ ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿಯೂ ದುಡಿಯುತ್ತಾರೆ. ಇಷ್ಟೆಲ್ಲಾ ಬದಲಾದರೂ ಸಭೆಯಲ್ಲಿ ಒಂದು ವಾಡಿಕೆ ಮಾತ್ರ ಬದಲಾಗಿರಲಿಲ್ಲ. ಮಿಷನ್ ಶಾಲೆಯಲ್ಲಿ ಅಕ್ಷರದ ಸಂಗಡ ಹೊಲಿಗೆಯನ್ನೂ ಹೆಣಿಗೆಯನ್ನೂ ಕಲಿತಿದ್ದ ಒಬ್ಬ ಅಜ್ಜಿಯು, ಸಭೆಯಲ್ಲಿ ಹುಟ್ಟಿದ ಪ್ರತಿ ಕೂಸಿಗೂ ಒಂದೊಂದು ಕುಲಾವಿಯನ್ನು ಹೆಣೆದು ಕೊಡುತ್ತಿದ್ದಳು. ಬೆಂಗಳೂರಿನ ಸೀಮೆಯು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವದರಿಂದ ದಶಂಬರ ಜನವರಿ ತಿಂಗಳುಗಳ ಮುಂಜಾವಿನಲ್ಲಿ ಎಳೆಗೂಸಿನ ತಲೆಗೆ ಕುಲಾವಿ ಬೇಕೇ ಬೇಕು. ಇಂದು ಮೀಸೆ ಬಂದ ನಮ್ಮ ಯೌವನಸ್ಥರಲ್ಲಿ ಆಕೆಯ ಕುಲಾವಿಯನ್ನು ತೊಡದವರು ವಿರಳ.

ಆಕೆಗೆ ಎಂಭತ್ತು ವರುಷ ತುಂಬಿದಾಗ ಸಭೆಯವರು ಹಣ ಕೂಡಿಸಿದರು. ಯೌವನಸ್ಥರು ದೊಡ್ಡ ಅಂಗಡಿಗೆ ಹೋಗಿ ಯಂತ್ರದಲ್ಲಿ ಹೆಣೆದ ಬೆಲೆಯುಳ್ಳ ಸ್ವೆಟರನ್ನು ತಂದರು. ಕ್ರಿಸ್‌ಮಸ್ ದಿನದಲ್ಲಿ ಎಲ್ಲರ ಮುಂದೆ ಅದನ್ನು ಆಕೆಗೆ ಹೊದಿಸಿದೆವು. ಆಕೆಯು ಅದರ ಅಂಚನ್ನು ಬೆರಳಿನಿಂದ ಬಹಳ ಹೊತ್ತು ಸವರಿ ನೋಡಿ, "ಎಷ್ಟು ಸಮವಾಗಿದೆಯಪ್ಪಾ! ನನ್ನ ಕೈಯಿಂದ ಹೀಗೆ ಎಂದಿಗೂ ಆಗಲಿಲ್ಲ" ಅಂದಳು. ನಾವು ಅದನ್ನು ಸಂತೋಷದ ಮಾತೆಂದು ತಿಳಿದುಕೊಂಡೆವು. ತರುವಾಯ ಸಭೆಯಲ್ಲಿ ಎರಡು ಕೂಸುಗಳು ಹುಟ್ಟಿದವು. ಎರಡಕ್ಕೂ ಕುಲಾವಿ ಬರಲಿಲ್ಲ. ನಾವು ಹೋಗಿ ವಿಚಾರಿಸಿದಾಗ ಆಕೆಯು, "ಇನ್ನು ನನ್ನ ಮುದುಕಿ ಕೆಲಸ ಯಾರಿಗೆ ಬೇಕು ಮಗನೇ? ಅಂಗಡಿಯಲ್ಲಿ ಇದಕ್ಕಿಂತ ಚಂದವಾದದ್ದು ಸಿಗುತ್ತದೆಂದು ನೀವೇ ತೋರಿಸಿಕೊಟ್ಟಿರಲ್ಲಾ" ಅಂದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯು ನಮಗೆ ನೆನಪಾಯಿತು. ದೊಣ್ಣೆ ನಮ್ಮ ಕೈಯಲ್ಲಿಯೇ ಇತ್ತು.

ಹಾಗಾದರೆ ಹೆಣಿಗೆಯನ್ನು ಪ್ರೀತಿಸುವವರಿಗೆ ಎಂಥಾ ಕಾಣಿಕೆಯನ್ನು ಕೊಡಬೇಕು? ನಾವು ಕಲಿತದ್ದನ್ನು ಕ್ರಮವಾಗಿ ಹೇಳುತ್ತೇವೆ.

1ನೆಯದು: ಆ ಕೆಲಸ ಎಂಥಾದ್ದೆಂದು ತಿಳಿಯಬೇಕು.

ನಮ್ಮ ನಾಡಿನಲ್ಲಿ ಕಂಬಳಿಯನ್ನು ಎಲ್ಲರೂ ಬಲ್ಲರು. ಕುರುಬರು ಕುರಿಯ ಉಣ್ಣೆಯನ್ನು ನೂತು, ಮಗ್ಗದಲ್ಲಿ ಹಾಸು ಹೊಕ್ಕುಗಳನ್ನು ಕೂಡಿಸಿ ಅದನ್ನು ನೇಯುತ್ತಾರೆ. ಚಳ್ಳಕೆರೆಯ ಕಡೆಯ ಕಂಬಳಿಗಳು ಪ್ರಸಿದ್ಧವಾದವುಗಳು. ಹೆಣಿಗೆಯಾದರೋ ನೇಯ್ಗೆಯಲ್ಲ. ಅದರಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಒಂದೇ ನೂಲು ಕುಣಿಕೆಯಾಗಿ, ಆ ಕುಣಿಕೆಯೊಳಗಿಂದ ಮತ್ತೊಂದು ಕುಣಿಕೆ ಹೊರಟು, ಹೀಗೆ ಸಾಲಿನ ಮೇಲೆ ಸಾಲು ಬೆಳೆಯುತ್ತದೆ. ಆದಕಾರಣ ಹೆಣೆದ ಬಟ್ಟೆಯು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಕೂಸಿನ ತಲೆಗೆ ಹಿತವಾಗಿ ಕೂಡ್ರುತ್ತದೆ. ಆದರೆ ಒಂದು ಕುಣಿಕೆ ಕಡ್ಡಿಯಿಂದ ಜಾರಿದರೆ ಅದರ ಕೆಳಗಿನವುಗಳೂ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಹೀಗಿರಲಾಗಿ ಹೆಣೆಯುವವಳು ಸಾವಿರಾರು ಕುಣಿಕೆಗಳನ್ನು ಕಣ್ಣಿಟ್ಟು ಕಾಯುವಳು.

1589ರಲ್ಲಿ ಇಂಗ್ಲೆಂಡಿನ ವಿಲಿಯಮ್ ಲೀ ಎಂಬವನು ಕಾಲುಚೀಲ ಹೆಣೆಯುವ ಯಂತ್ರವನ್ನು ಕಲ್ಪಿಸಿದನು. ನಾವು ತೊಡುವ ಬನಿಯನ್ನು, ಟೀ ಶರ್ಟು ಇವು ಸಹ ಯಂತ್ರದ ಹೆಣಿಗೆಯೇ. ಬೇಗದಲ್ಲಿಯೂ ಸಮತೆಯಲ್ಲಿಯೂ ಕೈಯು ಯಂತ್ರವನ್ನು ಮೀರಲಾರದು. ಅಂಥಾ ಪಂದ್ಯಕ್ಕೆ ಕೈಯನ್ನು ನಿಲ್ಲಿಸುವದೇ ತಪ್ಪು. ಸ್ವೆಟರು ಬೇಕಾದವರಿಗೆ ಸ್ವೆಟರನ್ನು ಕೊಡೋಣ. ಹೆಣೆಯುವ ಸಂತೋಷವುಳ್ಳವರಿಗೆ ಹೆಣೆಯುವದಕ್ಕೆ ಸಹಾಯವಾಗುವದನ್ನು ಕೊಡೋಣ.

2ನೆಯದು: ಕೈಯನ್ನೂ ಕಣ್ಣನ್ನೂ ನೋಡಬೇಕು.

ಅಜ್ಜಿಯ ಬಳಿಯಲ್ಲಿ ಕೂತು ನೋಡಿದಾಗ ಅದುವರೆಗೆ ನಮ್ಮ ಕಣ್ಣಿಗೆ ಬೀಳದೆ ಇದ್ದದ್ದು ಕಂಡಿತು. ಆಕೆಯ ಬೆರಳಿನ ಗೆಣ್ಣುಗಳು ಊದಿಕೊಂಡಿದ್ದವು. ಕಡ್ಡಿಗಳು ಸಣ್ಣವಾದ ಲೋಹದ ಕಡ್ಡಿಗಳು. ಬೆಳಿಗ್ಗೆ ಮುಟ್ಟಿದರೆ ತಣ್ಣಗೆ ಕೊರೆಯುವವು. ಬಿದಿರಿನ ಅಥವಾ ಮರದ ಕಡ್ಡಿಗಳು ಹಗುರವಾಗಿಯೂ ಬೆಚ್ಚಗಾಗಿಯೂ ಇರುತ್ತವೆ. ಅವುಗಳಿಂದ ಕುಣಿಕೆಯು ಬೇಗನೆ ಜಾರುವದಿಲ್ಲ. ಎರಡು ಕಡ್ಡಿಗಳನ್ನು ಮೆತ್ತನೆಯ ಹುರಿಯಿಂದ ಜೋಡಿಸಿದಂಥವುಗಳೂ ಉಂಟು. ಅವುಗಳಲ್ಲಿ ಹೆಣೆದ ಭಾಗದ ಭಾರವು ಮಣಿಕಟ್ಟಿನ ಮೇಲೆ ಬೀಳದೆ ಮಡಿಲಲ್ಲಿ ನಿಲ್ಲುತ್ತದೆ. ಮುದಿ ಕೈಗಳಿಗೆ ಇದು ದೊಡ್ಡ ಉಪಕಾರ.

ಕಡ್ಡಿಗಳನ್ನು ಕೊಳ್ಳುವಾಗ ಒಂದು ಎಚ್ಚರಿಕೆ. ಇಂಗ್ಲೆಂಡಿನ ಹಳೇ ಕ್ರಮದಲ್ಲಿ ನಂಬರು ಹೆಚ್ಚಾದಂತೆ ಕಡ್ಡಿಯು ಸಣ್ಣದಾಗುತ್ತದೆ; ಅಮೇರಿಕದ ಕ್ರಮದಲ್ಲಿ ನಂಬರು ಹೆಚ್ಚಾದಂತೆ ದಪ್ಪವಾಗುತ್ತದೆ. ಮೊದಲನೆಯದರಲ್ಲಿ 8ನೇ ನಂಬರೆಂದರೆ 4 ಮಿಲ್ಲಿಮೀಟರ್. ಎರಡನೆಯದರಲ್ಲಿ ಅದೇ 8 ಎಂದರೆ 5 ಮಿಲ್ಲಿಮೀಟರ್. ನಂಬರನ್ನು ಮಾತ್ರ ನಂಬಿ ತಂದರೆ ಕುಲಾವಿಯು ತಂದೆಯ ತಲೆಗೆ ಆಗುವದೇ ಹೊರತು ಕೂಸಿನ ತಲೆಗೆ ಆಗದು. ಆದಕಾರಣ ಮಿಲ್ಲಿಮೀಟರ್ ಲೆಕ್ಕವನ್ನೇ ಕೇಳಬೇಕು.

ಕಣ್ಣಿನ ವಿಷಯದಲ್ಲಿ ಹೇಳುವದೇನಂದರೆ, ಕಪ್ಪು ಅಥವಾ ಕಡುನೀಲಿ ನೂಲಿನಲ್ಲಿ ಕುಣಿಕೆಗಳನ್ನು ಎಣಿಸುವದು ಮಂದದೃಷ್ಟಿಯವರಿಗೆ ಕಷ್ಟ. ತಿಳಿಯಾದ ಬಣ್ಣವನ್ನು ಆರಿಸಿರಿ. ಕನ್ನಡಕವು ಹಳೆಯದಾಗಿದ್ದರೆ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ ಹೊಸ ಕನ್ನಡಕವನ್ನು ಮಾಡಿಸುವದೂ, ಕೂಡ್ರುವ ಸ್ಥಳದಲ್ಲಿ ಒಳ್ಳೇ ದೀಪವನ್ನು ಹಾಕಿಸುವದೂ ಉತ್ತಮವಾದ ಕಾಣಿಕೆಗಳೇ.

3ನೆಯದು: ನೂಲನ್ನು ವಿವೇಕದಿಂದ ಆರಿಸಬೇಕು.

ಅಂಗಡಿಯಲ್ಲಿ ಉಲ್ಲನ್ ಎಂದು ಮಾರುವದೆಲ್ಲಾ ಕುರಿಯ ಉಣ್ಣೆಯಲ್ಲ. ಅನೇಕವು ಅಕ್ರಿಲಿಕ್ ಎಂಬ ಕೃತಕ ನೂಲುಗಳು. ಅಕ್ರಿಲಿಕ್ ಅಗ್ಗ, ಒಗೆಯುವದಕ್ಕೆ ಸುಲಭ. ಆದರೆ ಬೆಂಕಿ ತಾಗಿದರೆ ಅದು ಕರಗಿ ಮೈಗೆ ಅಂಟಿಕೊಳ್ಳುತ್ತದೆ. ನಿಜವಾದ ಉಣ್ಣೆಯು ಬೇಗನೆ ಹೊತ್ತಿಕೊಳ್ಳದು. ಆದರೆ ಬಿಸಿನೀರಿನಲ್ಲಿ ಉಜ್ಜಿ ಒಗೆದರೆ ಕುಗ್ಗಿ ಗಟ್ಟಿಯಾಗುವದು. ಸೌದೆಯ ಒಲೆಯ ಬಳಿಯಲ್ಲಿ ಕೂಸನ್ನು ಎತ್ತಿಕೊಳ್ಳುವ ನಮ್ಮ ಮನೆಗಳವರು ಈ ಭೇದವನ್ನು ತಿಳಿದಿರಬೇಕು. ಕಂಬಳಿಯ ಉಣ್ಣೆಯು ಒರಟಾದದ್ದು. ಎಳೇ ಚರ್ಮಕ್ಕೆ ಚುಚ್ಚುವದು. ನಮ್ಮ ಸೀಮೆಯ ಸಾಧಾರಣ ಚಳಿಗೆ ಕೂಸುಗಳಿಗೆ ಮೆತ್ತಗಿನ ಹತ್ತಿಯ ನೂಲು ಸಾಕು. ಪಂಜಾಬಿನ ಲೂಧಿಯಾನದಿಂದ ಬರುವ ಉಣ್ಣೆಯ ನೂಲು ದೊಡ್ಡವರ ಸ್ವೆಟರಿಗೆ ಒಳ್ಳೇದು.

ಬೇಕಾದಷ್ಟನ್ನು ಒಂದೇ ಸಾರಿ ಕೊಳ್ಳಬೇಕು. ಕೂಸಿನ ಕುಲಾವಿಗೆ 50 ಗ್ರಾಂ ನೂಲು ಸಾಕು. ಒಂದು ಜೊತೆ ಕಾಲುಚೀಲಕ್ಕೆ ಸುಮಾರು 100 ಗ್ರಾಂ. ದೊಡ್ಡವರ ಸ್ವೆಟರಿಗೆ 400ರಿಂದ 600 ಗ್ರಾಂ ವರೆಗೆ ಹಿಡಿಯುವದು. ನೂಲಿನ ಉಂಡೆಗೆ ಸುತ್ತಿದ ಚೀಟಿಯ ಮೇಲೆ ಲಾಟ್ ನಂಬರೆಂಬದು ಅಚ್ಚಾಗಿರುತ್ತದೆ. ಒಂದೇ ಸಾರಿ ಬಣ್ಣದಲ್ಲಿ ಅದ್ದಿದ ಉಂಡೆಗಳಿಗೆ ಒಂದೇ ನಂಬರು. ಬಣ್ಣದ ಹೆಸರು ಒಂದೇ ಆದರೂ ಲಾಟ್ ಬೇರೆಯಾದರೆ ಸ್ವೆಟರಿನ ನಡುವೆ ಗೆರೆ ಎಳೆದ ಹಾಗೆ ಕಾಣುವದು. ಇದನ್ನು ನಮಗೆ ತಿಳಿಸಿದವಳು ಪೀಣ್ಯದಲ್ಲಿ ಕೆಲಸ ಮಾಡುವ ನಮ್ಮ ಸಭೆಯ ಹುಡುಗಿಯೇ. "ನಮ್ಮ ಕಾರ್ಖಾನೆಯಲ್ಲಿಯೂ ಒಂದೇ ಅಂಗಿಯ ತುಂಡುಗಳಿಗೆ ನಂಬರು ಹಚ್ಚುತ್ತಾರಣ್ಣಾ, ಛಾಯೆ ಬೇರೆ ಆಗಬಾರದೆಂದು" ಎಂದು ಹೇಳಿದಳು. ಯಂತ್ರದ ನಡುವೆ ದುಡಿಯುವವಳೇ ಅಜ್ಜಿಯ ಕೈಗೆಲಸದ ಮರ್ಮವನ್ನು ನಮಗಿಂತ ಚೆನ್ನಾಗಿ ತಿಳಿದಿದ್ದಳು.

4ನೆಯದು: ಚಿಕ್ಕ ಸಾಮಾನುಗಳನ್ನು ಮರೆಯಬಾರದು.

ಹೆಚ್ಚು ಹಣವಿಲ್ಲದವರು ಅಳತೆಯ ಟೇಪು, ಚಿಕ್ಕ ಕತ್ತರಿ, ಮೊಂಡು ಮೊನೆಯ ದೊಡ್ಡ ಕಣ್ಣಿನ ಸೂಜಿ, ಸಾಲುಗಳನ್ನು ಗುರುತಿಟ್ಟುಕೊಳ್ಳುವ ಪುಸ್ತಕ ಇವುಗಳನ್ನು ಕೊಡಬಹುದು. ಮುಚ್ಚಳವುಳ್ಳ ಬುಟ್ಟಿಯು ಇಲಿಯಿಂದಲೂ ಧೂಳಿನಿಂದಲೂ ನೂಲನ್ನು ಕಾಪಾಡುವದು. ನೂಲನ್ನು ತೇವವಿಲ್ಲದ ಸ್ಥಳದಲ್ಲಿಟ್ಟು, ಆಗಾಗ್ಗೆ ತೆಗೆದು ಕೊಡವಿ ಗಾಳಿಗೆ ಹರವಬೇಕು. ನುಸಿಗುಳಿಗೆಗಳನ್ನು ಕೂಸುಗಳ ಬಟ್ಟೆಯೊಳಗೆ ಇಡಲೇಬಾರದು.

5ನೆಯದು: ಹಣದಿಂದ ಕೊಳ್ಳಲಾಗದ ಕಾಣಿಕೆ.

ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯದಲ್ಲಿ ಯೊಪ್ಪದ ದೊರ್ಕಳ ಸಂಗತಿಯನ್ನು ಓದಿದ್ದೇವೆ. ಆಕೆ ಸತ್ತಾಗ ವಿಧವೆಯರು ಪೇತ್ರನ ಮುಂದೆ ಹೊತ್ತು ತಂದು ತೋರಿಸಿದ್ದು ಆಕೆಯ ಕೈಯಿಂದ ಆದ ಬಟ್ಟೆಗಳನ್ನೇ. ಆ ಬಟ್ಟೆಗಳನ್ನು ಅವರು ಇಟ್ಟುಕೊಂಡಿದ್ದರು, ತೊಟ್ಟಿದ್ದರು, ಯಾರು ಮಾಡಿದ್ದೆಂದು ಮರೆತಿರಲಿಲ್ಲ. ಆದರೆ ಹೀಗೆ ತೋರಿಸುವದಕ್ಕೆ ಸಾವಿನ ತನಕ ಯಾಕೆ ಕಾಯಬೇಕು? ಹೆಣೆಯುವವಳು ಜೀವದಿಂದಿರುವಾಗಲೇ, "ನೀವು ಹೆಣೆದದ್ದು ನಮ್ಮಲ್ಲಿ ಇನ್ನೂ ಇದೆ" ಎಂದು ತೋರಿಸಬಾರದೇ?

ನಾವು ಹಾಗೆಯೇ ಮಾಡಿದೆವು. ಮನೆಮನೆಗೂ ಹೇಳಿಕಳುಹಿಸಿದೆವು. ಪೆಟ್ಟಿಗೆಗಳ ತಳದಲ್ಲಿದ್ದ ಕುಲಾವಿಗಳು ಹೊರಗೆ ಬಂದವು. ಕೆಲವು ಬಣ್ಣಗೆಟ್ಟಿದ್ದವು, ಒಂದನ್ನು ಇಲಿ ಕಡಿದಿತ್ತು, ಒಂದನ್ನು ಅಣ್ಣತಮ್ಮಂದಿರು ನಾಲ್ವರೂ ತೊಟ್ಟಿದ್ದರು. ಅವುಗಳನ್ನೆಲ್ಲಾ ಆಕೆಯ ಜಗಲಿಯ ಮೇಲೆ ಸಾಲಾಗಿ ಇಟ್ಟೆವು. ಅವುಗಳ ಪಕ್ಕದಲ್ಲಿ ಬಿದಿರಿನ ಕಡ್ಡಿಗಳನ್ನೂ, ಒಂದೇ ಲಾಟಿನ ತಿಳಿಹಳದಿ ಹತ್ತಿ ನೂಲಿನ ಆರು ಉಂಡೆಗಳನ್ನೂ ಇಟ್ಟೆವು. ಅಜ್ಜಿಯು ಒಂದೊಂದನ್ನೂ ಎತ್ತಿ, ಇದು ಯಾರದು, ಯಾವ ಮಳೆಗಾಲದಲ್ಲಿ ಹೆಣೆದದ್ದು ಎಂದು ಹೇಳುತ್ತಾ ಹೋದಳು. ನಾವು ಕ್ಷಮೆ ಬೇಡಿದ್ದಕ್ಕೆ, "ಬಿಡಿ ಮಕ್ಕಳೇ, ಸ್ವೆಟರು ಬೆಚ್ಚಗಿದೆ, ಅದನ್ನೂ ತೊಡುತ್ತೇನೆ" ಅಂದಳು.

ಆಕೆಯ ಕೈ ಮೊದಲಿನ ಹಾಗೆ ಓಡುವದಿಲ್ಲ. ದಿನಕ್ಕೆ ನಾಲ್ಕು ಸಾಲು ಆದರೆ ಹೆಚ್ಚು. ಮೊದಲನೆಯ ಹಳದಿ ಕುಲಾವಿಯು ಮುಗಿಯುವಷ್ಟರಲ್ಲಿ ಆ ಕೂಸಿನ ತಲೆಯು ದೊಡ್ಡದಾಗಿ, ಅದು ಮುಂದಿನ ಕೂಸಿನ ಪಾಲಾಯಿತು. ಆದರೂ ಈಗ ಆದಿತ್ಯವಾರದ ಮಧ್ಯಾಹ್ನ ಇಬ್ಬರು ಹುಡುಗಿಯರು ಆಕೆಯ ಬಳಿಯಲ್ಲಿ ಕೂತು ಕಲಿಯುತ್ತಾರೆ. ಅವರಲ್ಲಿ ಪೀಣ್ಯದವಳೂ ರಜೆ ಸಿಕ್ಕಾಗ ಬರುವಳು. ಅವರು ಕೊಡುವ ಸಮಯಕ್ಕಿಂತ ಹೆಚ್ಚಿನ ಕಾಣಿಕೆಯನ್ನು ನಾವು ಯಾವ ಅಂಗಡಿಯಲ್ಲಿಯೂ ಕಾಣಲಿಲ್ಲ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:

1. ನೇಯ್ಗೆಗೂ ಹೆಣಿಗೆಗೂ ಇರುವ ಭೇದವೇನು?
2. ಕಡ್ಡಿಗಳನ್ನು ಕೊಳ್ಳುವಾಗ ನಂಬರನ್ನು ಮಾತ್ರ ಯಾಕೆ ನಂಬಬಾರದು?
3. ಕೂಸಿನ ಬಟ್ಟೆಗೆ ಎಂಥಾ ನೂಲು ತಕ್ಕದ್ದು? ಯಾಕೆ?
4. ನಿಮ್ಮ ಸಭೆಯಲ್ಲಿ ಕೈಗೆಲಸ ಬಲ್ಲ ವೃದ್ಧರು ಯಾರು? ಅವರು ಮಾಡಿಕೊಟ್ಟದ್ದು ನಿಮ್ಮ ಮನೆಯಲ್ಲಿ ಏನಿದೆ? ಅದನ್ನು ಅವರಿಗೆ ಎಂದಾದರೂ ತೋರಿಸಿದ್ದೀರೋ?