ಹೆಚ್ಚು ನಕ್ಕಲ್ಲೇ ಹೆಚ್ಚು ಸವೆದ ಟೇಪು

ಮೇಡ್ಲೇರಿ

ಮೊಮ್ಮಗಳಿಗೆ,

ಇಲ್ಲಿ ಗೋವಿನಜೋಳದ ಒಕ್ಕಣೆ ಮುಗಿದು ಚೀಲಗಳು ರಾಣೆಬೆನ್ನೂರಿಗೆ ಹೋಗಿಯಾಯಿತು. ಹತ್ತಿ ಬಿಡಿಸುವುದು ಇನ್ನೊಂದು ಸುತ್ತು ಬಾಕಿ ಇದೆ. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಬರಲು ಶುರುವಾಗಿದೆ, ನಿನ್ನ ಕಾಕಾ ಅತ್ತ ಹೋದಾಗಲೆಲ್ಲ ಅಂಗಿಯ ತುಂಬ ಘಾಟು ಹೊತ್ತು ಬರುತ್ತಾನೆ. ಈ ವರ್ಷದ ಖಾರಪುಡಿ ಕುಟ್ಟಿಸಿ ನಿನಗೊಂದು ಡಬ್ಬಿ ಎತ್ತಿಟ್ಟಿದ್ದೇನೆ, ಯಾರಾದರೂ ಬರುವವರಿದ್ದರೆ ತಿಳಿಸು.

ನಿನ್ನ ಪತ್ರ ಓದಿದೆ. ಶಿಕಾಗೋದಲ್ಲಿ ಕ್ರಿಸ್‌ಮಸ್ ರಜೆಗೆ ಗೆಳತಿಯರೆಲ್ಲ ನಿನ್ನನ್ನು ಕೂರಿಸಿಕೊಂಡು 'ಹೋಮ್ ಅಲೋನ್' ತೋರಿಸಿದರೆಂದೂ, ಅವರು ಅದನ್ನು ಸಣ್ಣಂದಿನಿಂದ ಪ್ರತಿ ಹಬ್ಬಕ್ಕೂ ನೋಡುತ್ತ ಬಂದವರೆಂದೂ, ತೆರೆಯ ಮೇಲೆ ಮಾತು ಬರುವ ಮೊದಲೇ ಅವರ ಬಾಯಲ್ಲಿ ಬರುತ್ತಿತ್ತೆಂದೂ ಬರೆದಿದ್ದೀ. ಕೊನೆಗೆ ಒಂದು ಸಾಲು ಸೇರಿಸಿದ್ದೀ: 'ಅಜ್ಜಿ, ಹೀಗೆ ಮನೆಮಂದಿಯೆಲ್ಲ ಕೂತು ವರ್ಷ ವರ್ಷ ನೋಡಿ ನಗುವ ಸಿನಿಮಾ ನಮಗೆ ಇಲ್ಲವಲ್ಲ.' ಇದೆ, ಕೂಸೆ. ನಿನ್ನದೇ ಮನೆಯಲ್ಲಿ ಇತ್ತು. ನೀನು ಹುಟ್ಟುವ ಹೊತ್ತಿಗೆ ಅದು ಟ್ರಂಕಿನ ತಳ ಸೇರಿತ್ತು, ಅಷ್ಟೆ. ಅದನ್ನು ನಿನಗೆ ಹೇಳಲೆಂದೇ ಈ ಪತ್ರ ಇಷ್ಟು ಉದ್ದವಾಗಿದೆ.

ನೀನು ಹೊಗಳಿದ ಸಿನಿಮಾವನ್ನು ನಾನೂ ನೋಡಿದೆ. ನಿನ್ನ ತಮ್ಮ ಟಿ.ವಿ.ಗೆ ಹಾಕಿ, ಮಗ್ಗುಲಲ್ಲಿ ಕೂತು, ಮಾತು ಮಾತಿಗೂ ಕನ್ನಡ ಮಾಡಿ ಹೇಳಿದ. ಮನೆಯವರೆಲ್ಲ ಗಡಿಬಿಡಿಯಲ್ಲಿ ಪ್ಯಾರಿಸ್ಸಿಗೆ ಹೊರಟು ಎಂಟು ವರ್ಷದ ಹುಡುಗನನ್ನು ಮನೆಯಲ್ಲೇ ಬಿಟ್ಟುಹೋಗುತ್ತಾರೆ ಎಂದಾಗ ನನ್ನ ಎದೆ ಹೊಡೆದುಕೊಂಡಿತು, ನಗು ಎಲ್ಲಿಂದ ಬರಬೇಕು! ಆಮೇಲೆ ಆ ಹುಡುಗ ವಿ.ಸಿ.ಆರ್‌.ನಲ್ಲಿ ಯಾವುದೋ ಬಂದೂಕಿನ ಸಿನಿಮಾ ಹಾಕಿ, ಅದರ ದನಿಯಿಂದಲೇ ಬಾಗಿಲಿಗೆ ಬಂದವರನ್ನು ಓಡಿಸಿದಾಗ ಮನಸಾರೆ ನಕ್ಕೆ. ಕಳ್ಳರು ಜಾರಿ ಬೀಳುವುದು ನಿನ್ನ ತಮ್ಮನಿಗೆ ಇರಲಿ. ನನಗೆ ಹಿಡಿಸಿದ್ದು ಪಕ್ಕದ ಮನೆಯ ಆ ಮುದುಕ. ಊರ ಮಕ್ಕಳೆಲ್ಲ ಹೆದರುವ ಮನುಷ್ಯ, ಚರ್ಚಿನಲ್ಲಿ ಆ ಹುಡುಗನ ಪಕ್ಕ ಕೂತು, ಮಗನೊಂದಿಗೆ ಮಾತು ಬಿಟ್ಟ ಸಂಕಟ ಹೇಳಿಕೊಳ್ಳುತ್ತಾನೆ. ಕೊನೆಯಲ್ಲಿ ಅವನು ಮೊಮ್ಮಗಳನ್ನು ಅಪ್ಪಿಕೊಳ್ಳುವಾಗ ನಾನು ಸೆರಗು ಕಣ್ಣಿಗೆ ಒತ್ತಿಕೊಂಡೆ. ಆ ಸಿನಿಮಾ ಬಂದದ್ದು 1990ರಲ್ಲಂತೆ. ಅದರ ಮನೆ ನಿನ್ನ ಶಿಕಾಗೋ ಹತ್ತಿರದ ವಿನೆಟ್ಕಾದಲ್ಲಿ ಇದೆಯಂತೆ. ಒಮ್ಮೆ ಹೋಗಿ ಹೊರಗಿನಿಂದ ನೋಡಿ ಬಾ.

ನಮ್ಮ ಸಿನಿಮಾವೂ ಅದೇ 1990ರದು. 'ಗಣೇಶನ ಮದುವೆ'. ಫಣಿ ರಾಮಚಂದ್ರ ನಿರ್ದೇಶಕರು, ಅನಂತನಾಗ್, ವಿನಯಾ ಪ್ರಸಾದ್, ಮುಖ್ಯಮಂತ್ರಿ ಚಂದ್ರು, ರಮೇಶ್ ಭಟ್ ಎಲ್ಲ ಇದ್ದಾರೆ.

ಅದರ ಕಥೆಗೆ ಮೊದಲು ಆ ಕಾಲದ ಮೇಡ್ಲೇರಿಯನ್ನು ನಿನಗೆ ಹೇಳಬೇಕು. ಟಾಕೀಸು ಇದ್ದದ್ದು ರಾಣೆಬೆನ್ನೂರಿನಲ್ಲಿ. ಗಂಡಸರು ಸಂತೆಗೆ ಹೋದವರು ಆಟ ನೋಡಿ ಕೊನೆಯ ಬಸ್ಸಿಗೆ ಬರುತ್ತಿದ್ದರು. ಹೆಂಗಸರಿಗೆ ಆ ದಾರಿ ಇರಲಿಲ್ಲ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ನಾನು ಟಾಕೀಸಿನ ಒಳಗೆ ಕಾಲಿಟ್ಟದ್ದು ಅಪರೂಪ. ನಮ್ಮತ್ತೆಯಂತೂ ಟಾಕೀಸನ್ನೇ ಕಾಣದೆ ಹೋದವರು. ಅಂಥವರಿಗೆ ಸಿನಿಮಾ ಸಿಕ್ಕಿದ್ದು ವಿ.ಸಿ.ಆರ್. ಬಾಡಿಗೆಗೆ ಬಂದ ಮೇಲೆ. ಚೌತಿಯಲ್ಲಿ ಓಣಿಯ ಗಣಪತಿ ಪೆಂಡಾಲಿನ ಮುಂದೆ ಹುಡುಗರು ಪಟ್ಟಿ ಎತ್ತಿ, ಟಿ.ವಿ., ವಿ.ಸಿ.ಆರ್. ಮತ್ತು ಕ್ಯಾಸೆಟ್ಟುಗಳನ್ನು ಒಂದು ರಾತ್ರಿಯ ಲೆಕ್ಕಕ್ಕೆ ತರುತ್ತಿದ್ದರು. ಮೊದಲು ಒಂದು ಭಕ್ತಿಯದು, ಆಮೇಲೆ ರಾಜಕುಮಾರರದು, ನಡುರಾತ್ರಿಗೆ ಹೊಡೆದಾಟದ್ದು, ನಸುಕಿಗೆ ನಗೆಯದು. ಹೆಂಗಸರು ಅಡುಗೆ ಮನೆ ಬಳಿದು ಬರುವಷ್ಟರಲ್ಲಿ ಭಕ್ತಿಯದು ಮುಗಿದಿರುತ್ತಿತ್ತು. ಕಂಬಳಿ ಹೊದ್ದು, ತೊಡೆಯ ಮೇಲೆ ಮಕ್ಕಳನ್ನು ಮಲಗಿಸಿಕೊಂಡು ನೋಡಿದ್ದೇವೆ, ಯವ್ವಾ. ಟಾಕೀಸಿಗೆ ಹೆಂಗಸರು ಹೋಗಲಾಗದಿದ್ದ ಊರಿಗೆ ಟಾಕೀಸೇ ನಡೆದು ಬಂದದ್ದು ದೊಡ್ಡ ಸಂಗತಿ. ವಿಡಿಯೊ ಬಂದು ಟಾಕೀಸು ಕೆಟ್ಟವು ಎಂದು ಬರೆದವರು ಬಹಳ ಜನ. ನಮ್ಮತ್ತೆ ಮೊದಲ ಸಲ ಸಿನಿಮಾ ನೋಡಿದ ಮುಖ ಅವರು ಕಂಡಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

'ಗಣೇಶನ ಮದುವೆ' ಹಾಗೆ ಒಂದು ಚೌತಿಯಲ್ಲಿ ಬಂತು. ನಿನ್ನ ಅಜ್ಜನಿಗೆ ಎಷ್ಟು ಹಿಡಿಸಿತೆಂದರೆ, ಮುಂದೆ ಮನೆಗೆ ಸ್ವಂತ ವಿ.ಸಿ.ಪಿ. ಬಂದಾಗ ಮೊದಲು ಕೊಂಡ ಕ್ಯಾಸೆಟ್ಟು ಅದೇ. ಅಲ್ಲಿಂದ ಅದು ದೀಪಾವಳಿಗೆ ಅಂಟಿಕೊಂಡಿತು. ಬಲಿಪಾಡ್ಯಕ್ಕೆ ಹಟ್ಟಿ ಲಕ್ಕವ್ವನ ಪೂಜೆ, ಮರುದಿನಗಳಲ್ಲಿ ಹೋರಿ ಬೆದರಿಸುವುದು. ಕೊಬ್ಬರಿ ಹಾರ ಕಟ್ಟಿದ ಹೋರಿಗಳ ಹಿಂದೆ ಓಡಿ ಮೈಕೈ ತರಚಿಕೊಂಡ ಹುಡುಗರು ರಾತ್ರಿ ಬಂದು ಸುಮ್ಮನೆ ಒಂದೆಡೆ ಕೂರಬೇಕಾದರೆ ಇದೊಂದೇ ದಾರಿ. ತವರಿಗೆ ಬಂದ ನಿನ್ನ ಅತ್ತೆಯರು, ಅವರ ಮಕ್ಕಳು, ಅಳಿಯಂದಿರು, ಆಳುಮಕ್ಕಳು, ಪಕ್ಕದ ಮನೆಯವರು, ಎಲ್ಲ ಪಡಸಾಲೆಯಲ್ಲಿ. ಮಂಡಕ್ಕಿ ಮೆಣಸಿನಕಾಯಿ ಮಾಡಿ ಹಂಚುವುದರಲ್ಲಿ ನನ್ನ ಸೊಂಟ ಬೀಳುತ್ತಿತ್ತು. ಆದರೂ ಬಾಣಲೆ ಇಳಿಸುವ ಹೊತ್ತನ್ನು ಸಿನಿಮಾದಲ್ಲಿ ನನಗೆ ಬೇಕಾದ ಜಾಗಕ್ಕೆ ಹೊಂದಿಸಿಕೊಂಡಿರುತ್ತಿದ್ದೆ.

ಕಥೆ ಸರಳ. ಬೆಂಗಳೂರಿನ ಒಂದು ವಠಾರ. ಮಾಲೀಕ ರಮಣಮೂರ್ತಿ, ಬಾಡಿಗೆಗಿರುವ ವೈ.ಜಿ. ರಾವ್. ಇಬ್ಬರಿಗೂ ಹಾವು ಮುಂಗುಸಿ. ಮಾಲೀಕನ ಮಗಳು ಆದಿಲಕ್ಷ್ಮಿಗೂ ರಾವ್‌ಗೂ ಎದುರುಬದುರಾದರೆ ಜಗಳವೇ. ಆದರೆ ಇದೇ ಇಬ್ಬರು ಬೇರೆ ಹೆಸರಿನಲ್ಲಿ ಕಾಗದ ಬರೆದುಕೊಂಡು, ಒಬ್ಬರ ಮುಖ ಒಬ್ಬರಿಗೆ ತಿಳಿಯದೆ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿರುತ್ತಾರೆ. ನೋಡುವ ನಮಗೆ ಎಲ್ಲ ಗೊತ್ತು, ಅವರಿಗೆ ಮಾತ್ರ ಗೊತ್ತಿಲ್ಲ. ನಮ್ಮೂರಲ್ಲಿ ವಠಾರ ಎಂಬುದೇ ಇರಲಿಲ್ಲ. ಹೊಲ, ಹಿತ್ತಿಲು ಇದ್ದವರಿಗೆ ಒಂದೇ ಅಂಗಳದಲ್ಲಿ ಇಷ್ಟು ಸಂಸಾರ ಸೇರಿ ಬದುಕುವುದು ಹೊಸದು. ಬೆಂಗಳೂರು ಹೇಗಿದೆ ಎಂದು ನಮ್ಮತ್ತೆ ಯಾರನ್ನೂ ಕೇಳಲಿಲ್ಲ. ಅವರ ಬೆಂಗಳೂರು ಆ ವಠಾರವೇ.

ಈ ಸಿನಿಮಾ ಯಾಕೆ ಹಳತಾಗಲಿಲ್ಲ ಎಂದು ನಾನು ಬಹಳ ಯೋಚಿಸಿದ್ದೇನೆ. ಅದರಲ್ಲಿ ಕೇಡಿಗ ಎಂಬುವನಿಲ್ಲ. ಜಗಳವಿದೆ, ಹಟವಿದೆ, ಒಬ್ಬರನ್ನೊಬ್ಬರು ಏಮಾರಿಸುವುದಿದೆ, ದ್ವೇಷವಿಲ್ಲ. ಮಾವನವರ ಎದುರಿಗೆ ಸೊಸೆಯಂದಿರು ಕೂತು ನಗಬಹುದಾದ ಸಿನಿಮಾ ಆಗ ಎಷ್ಟಿದ್ದವು? ನಮ್ಮ ಮಾವನವರ ಎದುರು ನಾವು ದನಿ ಎತ್ತಿದವರಲ್ಲ. ಅವರು ಪಡಸಾಲೆಯ ಕಂಬಕ್ಕೆ ಒರಗಿ ನೋಡುತ್ತಿದ್ದರು, ನಾವು ನಡುಮನೆಯ ಬಾಗಿಲ ಹಿಂದೆ. ನಗು ಬಂದಾಗ ಮಾತ್ರ ಎರಡೂ ಕಡೆಯಿಂದ ಒಟ್ಟಿಗೆ ಬರುತ್ತಿತ್ತು. ಎಲ್ಲರೂ ರಾವ್ ಪರ ನಗುವಾಗ ಮಾವನವರೊಬ್ಬರು ರಮಣಮೂರ್ತಿಯ ಪರ. 'ಮನೀ ಕಟ್ಟಿಸಿದಾವಗ ಗೊತ್ತು ಮನೀ ಸಂಕಟ, ನಿಮಗೇನು ತಿಳೀತೈತಿ' ಎನ್ನುತ್ತಿದ್ದರು. ಮಕ್ಕಳು ಇನ್ನಷ್ಟು ನಗುತ್ತಿದ್ದರು.

ರಮಣಮೂರ್ತಿಯಾದ ಮುಖ್ಯಮಂತ್ರಿ ಚಂದ್ರು ಅವರ ದನಿಯನ್ನು ಗಮನಿಸು. ನಾಟಕದಿಂದ ಬಂದವರು. 'ಮುಖ್ಯಮಂತ್ರಿ' ಎಂಬ ನಾಟಕದ ಪಾತ್ರವೇ ಅವರ ಹೆಸರಿಗೆ ಅಂಟಿದೆ. ಮಾತನ್ನು ಎಲ್ಲಿ ಎಳೆಯಬೇಕು, ಎಲ್ಲಿ ನುಂಗಬೇಕು ಎಂಬ ಲೆಕ್ಕ ಅವರಿಗೆ ಗೊತ್ತು. ರಾವ್ ಆದ ಅನಂತನಾಗ್ ಅವರದು ಬೇರೆ ರೀತಿ. ನಗಿಸುತ್ತಿದ್ದೇನೆ ಎಂಬ ಸುಳಿವನ್ನೇ ಕೊಡದೆ ನಗಿಸುತ್ತಾರೆ. 2025ರಲ್ಲಿ ಅವರಿಗೆ ಪದ್ಮಭೂಷಣ ಘೋಷಣೆಯಾದಾಗ ನಮ್ಮ ಮನೆಯವರಿಗೇ ಬಂದಷ್ಟು ಸಂತೋಷವಾಯಿತು ನನಗೆ.

ಇನ್ನೊಂದು ಮಾತು ನಿನಗೆ ಯಾರೂ ಹೇಳಿರಲಾರರು. ಅದೇ 1990ರ ಸೆಪ್ಟೆಂಬರ್ 30ರಂದು ಅನಂತನಾಗ್ ಅವರ ತಮ್ಮ ಶಂಕರನಾಗ್ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. 'ಜೋಕುಮಾರಸ್ವಾಮಿ' ಸಿನಿಮಾದ ಕೆಲಸಕ್ಕೆ ಲೋಕಾಪುರಕ್ಕೆ ಹೊರಟಿದ್ದರು. ಆ ಹೆದ್ದಾರಿ ದಾವಣಗೆರೆ ದಾಟಿ ನಮ್ಮ ರಾಣೆಬೆನ್ನೂರಿನ ಮೇಲೆಯೇ ಹೋಗುತ್ತದೆ. ನಾವು ಮದುವೆ ಮುಂಜಿಗೆ ಓಡಾಡುವ ದಾರಿ ಅದು, ಸುದ್ದಿ ನಮ್ಮ ಓಣಿಯಲ್ಲೇ ಸಾವಾದಂತೆ ಬಂತು. ಅವರ 'ಮಾಲ್ಗುಡಿ ಡೇಸ್' ನೋಡಿದ ಮಕ್ಕಳು ಅತ್ತವು. ರಮೇಶ್ ಭಟ್ಟರಂತೂ ಶಂಕರನಾಗ್ ಅವರ ಜೀವದ ಗೆಳೆಯ. ಹಾಗಾಗಿ 'ಗಣೇಶನ ಮದುವೆ' ಹಾಕಿದಾಗಲೆಲ್ಲ ನಿನ್ನ ಅಜ್ಜ ನಗುತ್ತ ನಗುತ್ತ ಒಂದು ಹಂತದಲ್ಲಿ ಸುಮ್ಮನಾಗುತ್ತಿದ್ದರು. 'ಆ ವರ್ಷನ ಈ ಮನಷ್ಯಾಗ ಎಂಥಾ ಪೆಟ್ಟು ಬಿತ್ತು ನೋಡು' ಎನ್ನುತ್ತಿದ್ದರು. ಆಮೇಲೆ ಮತ್ತೆ ನಗುತ್ತಿದ್ದರು. ಮತ್ತೆ ನಗುವುದರಲ್ಲಿ ತಪ್ಪಿಲ್ಲ ಎಂದು ನಾನು ಕಲಿತದ್ದು ಅವರಿಂದ. ಅವರು ತೀರಿಕೊಂಡ ವರ್ಷದ ದೀಪಾವಳಿಗೆ ಆ ಕ್ಯಾಸೆಟ್ಟನ್ನು ಯಾರೂ ಮುಟ್ಟಲಿಲ್ಲ. ಆಮೇಲೆ ಸಿ.ಡಿ. ಬಂತು, ಉದಯ ಟಿ.ವಿ.ಯಲ್ಲಿ ಬರತೊಡಗಿತು, ಈಗ ನಿಮ್ಮ ಫೋನಿನಲ್ಲಿದೆ.

ಕಳೆದ ದೀಪಾವಳಿಗೆ ನಿನ್ನ ಕಾಕಾ ಟ್ರಂಕು ತೆಗೆದ. ಕ್ಯಾಸೆಟ್ಟು ಹಳೆಯ ದುಪ್ಪಟಿಯಲ್ಲಿ ಸುತ್ತಿದಂತೆಯೇ ಇತ್ತು. ಅಂಚಿಗೆ ಬೂದಿಬಣ್ಣದ ಬೂಷ್ಟು ಹಿಡಿದಿತ್ತು. ವಿ.ಸಿ.ಪಿ.ಯ ಒಳಗಿನ ಬೆಲ್ಟು ಕರಗಿ ಅಂಟಾಗಿತ್ತು. ಈಗ ಲೋಕದಲ್ಲಿ ಯಾರೂ ಆ ಯಂತ್ರ ಮಾಡುವುದಿಲ್ಲವಂತೆ, ಜಪಾನಿನ ಫುನಾಯಿ ಕಂಪನಿ 2016ರಲ್ಲಿ ನಿಲ್ಲಿಸಿದ್ದೇ ಕೊನೆಯಂತೆ. ರಾಣೆಬೆನ್ನೂರಿನಲ್ಲಿ ಹಳೆಯ ರೇಡಿಯೊ ರಿಪೇರಿ ಮಾಡುವ ಒಬ್ಬರು ಬೆಲ್ಟು ಹೊಂದಿಸಿ, ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಟೇಪನ್ನು ಕೈಯಿಂದಲೇ ನಿಧಾನ ಸುತ್ತಿ ಬೂಷ್ಟು ತೆಗೆದುಕೊಟ್ಟರು. ಕೆಂಪು, ಬಿಳಿ, ಹಳದಿ ವೈರು ಸಿಕ್ಕಿಸಿ ದೊಡ್ಡ ಟಿ.ವಿ.ಗೆ ಹಾಕಿದೆವು.

ಚಿತ್ರ ಬಹಳ ಕಡೆ ಚೆನ್ನಾಗಿಯೇ ಬಂತು. ಕೆಲವು ಕಡೆ ಮಾತ್ರ ಗೀರು ಗೀರಾಗಿ, ಬಿಳಿ ಚುಕ್ಕಿ ಹಾರಿ, ಮುಖಗಳೇ ಅಲುಗಿದವು. ಯಾಕೆ ಅಲ್ಲೇ ಹಾಗೆ ಎಂದು ಕಾಕಾನನ್ನು ಕೇಳಿದೆ. ಹಿಂದೆ ತಿರುಗಿಸಿ, ನಿಲ್ಲಿಸಿ, ಮತ್ತೆ ಮತ್ತೆ ನೋಡಿದ ಜಾಗದಲ್ಲಿ ಟೇಪು ಹೆಡ್ಡಿಗೆ ಉಜ್ಜಿ ಸವೆಯುತ್ತದೆ ಎಂದ. ಆಗ ಕೂತು ನೋಡಿದೆ, ಯವ್ವಾ. ರಾವ್ ಮತ್ತು ರಮಣಮೂರ್ತಿ ಮುಖಾಮುಖಿಯಾಗುವ ಕಡೆಗಳಲ್ಲೇ ಗೀರು. ಮಕ್ಕಳೆಲ್ಲ 'ಇನ್ನೊಮ್ಮೆ, ಇನ್ನೊಮ್ಮೆ' ಎಂದು ನಿನ್ನ ಅಜ್ಜನ ಕೈ ಹಿಡಿದು ಎಳೆಯುತ್ತಿದ್ದ ಜಾಗಗಳು. ನಿನ್ನ ಅಪ್ಪ, ಅತ್ತೆಯರು ಎಲ್ಲೆಲ್ಲಿ ನಕ್ಕಿದ್ದರೋ ಅಲ್ಲೆಲ್ಲ ಟೇಪಿನ ಮೇಲೆ ಗುರುತಿದೆ. ಫೋನಿನಲ್ಲಿ ನೀನು ನೋಡುವ ಪ್ರತಿಯಲ್ಲಿ ಒಂದು ಗೀರೂ ಇಲ್ಲ, ನೋಡಲು ಅದೇ ಚೆಂದ. ಆದರೆ ನಮ್ಮ ಮನೆಯದು ಇದು.

ಈ ಸಲ ನನ್ನ ಮನಸ್ಸು ಎಲ್ಲಿ ಹೋಯಿತು ಗೊತ್ತೇ? ಹಿಂದೆ ನಾನೂ ರಾವ್ ಪರ, ಆದಿಲಕ್ಷ್ಮಿಯ ಪರ. ಅವರ ಕಾಗದದ ಗುಟ್ಟು ಯಾವಾಗ ಒಡೆಯುತ್ತದೋ ಎಂಬ ತವಕ. ಈಗ ನಾನು ರಮಣಮೂರ್ತಿಯನ್ನೇ ನೋಡುತ್ತ ಕೂತೆ. ವಯಸ್ಸಿಗೆ ಬಂದ ಮಗಳು, ಮಾತು ಕೇಳದ ಬಾಡಿಗೆದಾರರು, ತಾನು ಕಟ್ಟಿದ ಮನೆಯಲ್ಲಿ ತನ್ನ ಮಾತೇ ನಡೆಯದ ಸಂಕಟ. ಅವನು ರೇಗಿದಾಗಲೆಲ್ಲ ನಗು ಬಂತು, ನಗುವಿನ ಜೊತೆಗೆ ಪಾಪ ಎನಿಸಿತು. ಮಾವನವರು ಕಂಬಕ್ಕೆ ಒರಗಿ ಹೇಳುತ್ತಿದ್ದದ್ದು ನನಗೆ ಈಗ ತಲುಪಿತು. ಒಳ್ಳೆಯ ನಗೆಯ ಸಿನಿಮಾದಲ್ಲಿ ಮಕ್ಕಳಿಗೊಂದು ಜಾಗ, ಪ್ರಾಯದವರಿಗೊಂದು, ಮುದುಕರಿಗೊಂದು ಇರುತ್ತದೆ. ನಿನ್ನ ಗೆಳತಿಯರೂ ಸಣ್ಣಂದಿನಲ್ಲಿ ಆ ಹುಡುಗನ ಪರ ನೋಡಿರುತ್ತಾರೆ. ಮುಂದೆ ತಾಯಂದಿರಾದಾಗ, ಮಗನನ್ನು ಮುಟ್ಟಲು ಸಿಕ್ಕ ಗಾಡಿ ಹತ್ತಿ ಬರುವ ಆ ತಾಯಿಯನ್ನು ನೋಡುತ್ತಾರೆ. ಅದಕ್ಕೇ ವರ್ಷ ವರ್ಷ ನೋಡಿದರೂ ಬೇಸರವಿಲ್ಲ. ಹಬ್ಬದ ಕಥೆಯೇ ಇರಬೇಕೆಂದೇನೂ ಇಲ್ಲ, ನಮ್ಮ ಸಿನಿಮಾದಲ್ಲಿ ದೀಪಾವಳಿ ಎಲ್ಲಿದೆ? ನಮ್ಮ ಪಡಸಾಲೆ ಅದನ್ನು ದೀಪಾವಳಿಯದು ಮಾಡಿತು.

ನನ್ನದೊಂದು ಆಸೆ ಇದೆ. ಅವರು ನಿನಗೆ ತಮ್ಮದನ್ನು ತೋರಿಸಿದರಲ್ಲ, ನೀನು ಅವರಿಗೆ ನಮ್ಮದನ್ನು ತೋರಿಸು. ಕನ್ನಡ ಬಾರದಿದ್ದರೆ ಏನಾಯಿತು, ನಿನ್ನ ತಮ್ಮ ನನಗೆ ಹೇಳಿದಂತೆ ನೀನು ಮಗ್ಗುಲಲ್ಲಿ ಕೂತು ಹೇಳು. ಮೊದಲೇ ಒಮ್ಮೆ ಒಬ್ಬಳೇ ನೋಡಿ ಮಾತುಗಳನ್ನು ಹೊಂದಿಸಿಕೊ. ರಾಜನ್–ನಾಗೇಂದ್ರರ ಹಾಡು ಬಂದಾಗ ಓಡಿಸಬೇಡ, ಕೇಳಲಿ. ವಠಾರ ಎಂದರೆ ಏನೆಂದು ಮೊದಲೇ ತಿಳಿಸು. ಯಾರು ಎಲ್ಲಿ ನಕ್ಕರು, ಯಾರು ಯಾರ ಪರ ನಿಂತರು ಎಂದು ನನಗೆ ಬರೆ. ಅಲ್ಲಿಯ ಹುಡುಗಿಯರಲ್ಲಿ ಒಬ್ಬಳಾದರೂ ರಮಣಮೂರ್ತಿಯ ಪರ ನಿಂತರೆ ಅವಳ ಹೆಸರು ತಪ್ಪದೆ ತಿಳಿಸು.

ಕಾಕಾ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಡುತ್ತೇನೆ ಎಂದಿದ್ದಾನೆ, ಗೀರುಗಳ ಸಮೇತ. ಮುಂದಿನ ದೀಪಾವಳಿಗೆ ನೀನು ಬರುವುದಾದರೆ ಟಿಕೆಟ್ಟು ಈಗಲೇ ನೋಡು, ಹಬ್ಬದ ಹೊತ್ತಿಗೆ ದುಬಾರಿಯಾಗುತ್ತದಂತೆ. ನಿನ್ನ ಅತ್ತೆಯರಿಗೂ ಹೇಳಿದ್ದೇನೆ. ಮಂಡಕ್ಕಿಗೆ ಒಗ್ಗರಣೆ ಹಾಕಲು ಈಗ ನನ್ನ ಕೈ ಸಾಲದು, ಆ ಕೆಲಸ ನಿನ್ನದು.

ಹೊಟ್ಟೆ ತುಂಬ ಉಣ್ಣು. ಅಲ್ಲಿ ಹಿಮ ಬಿದ್ದಾಗ ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ ಅಜ್ಜಿ