ಸಿಂಕ್ ಆಗದ ಗಡಿಯಾರ

ಕ್ರಿಸ್ಟಲ್ ಎಷ್ಟೇ ಒಳ್ಳೇದಿದ್ರೂ ಡಿಜಿಟಲ್ ಗಡಿಯಾರ ಸ್ವಲ್ಪ ಸ್ವಲ್ಪ ಜಾರುತ್ತೆ ಅಂತ ನಮಗೆಲ್ಲ ಗೊತ್ತು. ಹೊರಗಿನಿಂದ ಸರಿಯಾದ ಟೈಮ್ ಕೊಟ್ಟು ಆಗಾಗ ಸಿಂಕ್ ಮಾಡಲೇಬೇಕು. ನಮ್ಮ ದೇಹದ ಗಡಿಯಾರವೂ ಹೀಗೇ.

ಮೆದುಳಿನ ಹೈಪೋಥಲಾಮಸ್‌ನಲ್ಲಿ, ಎರಡು ಕಣ್ಣಿನ ನರಗಳು ಸೇರುವ ಜಾಗದ ಮೇಲೆ, ನರಕೋಶಗಳ ಒಂದು ಪುಟ್ಟ ಗುಂಪಿದೆ. ಅದೇ ಮುಖ್ಯ ಗಡಿಯಾರ. ಹೆಚ್ಚಿನವರಲ್ಲಿ ಅದರ ಒಂದು ಸುತ್ತು 24 ಗಂಟೆಗಿಂತ ತುಸು ಜಾಸ್ತಿ. ದಿನಾ ಅದನ್ನು ಸರಿ ಮಾಡೋದು ಬೆಳಕು. ಬೆಳಗ್ಗೆ ಸೋಗಾನೆ ರಸ್ತೆಯಲ್ಲಿ ಕಣ್ಣಿಗೆ ಬೀಳುವ ಬಿಸಿಲೇ ನಮ್ಮ ಸಿಂಕ್ ಸಿಗ್ನಲ್. ಕತ್ತಲಾದ ಮೇಲೆ ಪೀನಿಯಲ್ ಗ್ರಂಥಿ ಮೆಲಟೋನಿನ್ ಬಿಡುತ್ತೆ, ರಾತ್ರಿ ಆಯ್ತು ಅಂತ ದೇಹಕ್ಕೆ ತಿಳಿಯುತ್ತೆ.

ಬೆಳಕೇ ತಿಳಿಯದ ಮಗುವಿನಲ್ಲಿ ಗಡಿಯಾರ ಕೆಟ್ಟಿರಲ್ಲ, ಸಿಗ್ನಲ್ ಬರಲ್ಲ. ಸುತ್ತು 24.5 ಗಂಟೆ ಅಂತ ಇಟ್ಟುಕೊಳ್ಳೋಣ. ನಿದ್ದೆ ದಿನಕ್ಕೆ ಅರ್ಧ ಗಂಟೆ ತಡವಾಗುತ್ತೆ. 10 ದಿನಕ್ಕೆ 5 ಗಂಟೆ. ಮೂರೂವರೆ ವಾರಕ್ಕೆ ಹಗಲು ರಾತ್ರಿ ಅದಲುಬದಲು. 7 ವಾರಕ್ಕೆ ಮತ್ತೆ ಸರಿ! ಇದಕ್ಕೆ 'ನಾನ್-24' ಅಂತಾರೆ. ಬೆಳಕು ಸ್ವಲ್ಪವೂ ಕಾಣದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಇದಿದೆ ಅಂತ ಅಂದಾಜು.

ಎಲ್ಲ ಅಂಧ ಮಕ್ಕಳಿಗೂ ಹೀಗಾಗಲ್ಲ. ರೆಟಿನಾದಲ್ಲಿ ಮೆಲನಾಪ್ಸಿನ್ ಇರುವ ಬೇರೆಯೇ ಕೋಶಗಳಿವೆ. ಅವು ಉಳಿದಿದ್ರೆ ದೃಷ್ಟಿ ಇಲ್ಲದಿದ್ರೂ ಗಡಿಯಾರಕ್ಕೆ ಬೆಳಕು ತಲುಪಬಹುದು. ಅಂಥ ಮಕ್ಕಳನ್ನು ಬೆಳಗ್ಗೆ ಬಿಸಿಲಿಗೆ ಕರ್ಕೊಂಡು ಹೋಗೋದು ಒಳ್ಳೇದು. ಊಟ, ಆಟ, ನಿದ್ದೆಗೆ ದಿನಾ ಒಂದೇ ಸಮಯ ಇಟ್ಟರೆ ಎಲ್ಲರಿಗೂ ಸಹಾಯ. ದಿನಾ ಅದೇ ಹೊತ್ತಿಗೆ ಮೆಲಟೋನಿನ್ ಕೊಡುವ ಚಿಕಿತ್ಸೆಯೂ ಇದೆ. ಆದರೆ ಡೋಸು, ಸಮಯ ಎರಡನ್ನೂ ಡಾಕ್ಟರೇ ಹೇಳಬೇಕು.

ಒಂದು ವಾರದ ಡೇಟಾ ನೋಡಿದ್ರೆ ಇದು ಗೊತ್ತಾಗಲ್ಲ. ಮಲಗಿದ, ಎದ್ದ ಸಮಯವನ್ನು ಏಳೆಂಟು ವಾರ ಬರೆದು ಗ್ರಾಫ್ ಹಾಕಿದ್ರೆ ಓರೆ ಗೆರೆ ಎದ್ದು ಕಾಣುತ್ತೆ. ಇದು ನಮ್ಮಂಥವರು ಮಾಡಿಕೊಡಬಹುದಾದ ಕೆಲಸ.

ಶಿವಮೊಗ್ಗದಲ್ಲೇ ಶಾರದಾದೇವಿ ಅಂಧರ ವಿಕಾಸ ಕೇಂದ್ರ ಇದೆ. ಅಂಧ ಮಕ್ಕಳ ಪರೀಕ್ಷೆಗೆ ಸ್ಕ್ರೈಬ್ ಆಗಿ ಹೋಗುವವರು ನಮ್ಮಲ್ಲೂ ಇರಬಹುದು. ಹೇಳ್ತಾ ಹೇಳ್ತಾನೇ ಮಗು ತೂಕಡಿಸಿದ್ರೆ ಓದಿಲ್ಲ, ಸೋಮಾರಿ ಅಂತ ಅಂದುಕೊಳ್ಳಬೇಡಿ. ಬೆಳಗ್ಗೆ 11 ಗಂಟೆ ಆ ದೇಹಕ್ಕೆ ನಡುರಾತ್ರಿ ಆಗಿರಬಹುದು.