ನೂರು ಪುಟಗಳ ಒಗಟು

1934ರಲ್ಲಿ ಇಂಗ್ಲೆಂಡಿನ ಪದಬಂಧ ರಚನಕಾರ ಎಡ್ವರ್ಡ್ ಪೊವಿಸ್ ಮ್ಯಾದರ್ಸ್ ‘ಕೇನ್ಸ್ ಜಾಬೋನ್’ ಎಂಬ ಪತ್ತೇದಾರಿ ಕಥೆಯನ್ನು ಪ್ರಕಟಿಸಿದನು. ಅದರಲ್ಲಿ ನೂರು ಪುಟಗಳು, ಆರು ಕೊಲೆಗಳು. ಆದರೆ ಪುಟಗಳು ಬೇಕೆಂದೇ ಹಿಂದುಮುಂದಾಗಿ ಅಚ್ಚಾಗಿದ್ದವು. ಓದುಗನು ಅವುಗಳನ್ನು ಸರಿಯಾದ ಅನುಕ್ರಮದಲ್ಲಿರಿಸಿ, ಸತ್ತವರಾರು, ಕೊಂದವರಾರು ಎಂಬುದನ್ನು ಹೇಳಬೇಕಾಗಿತ್ತು.

ಎಲ್ಲ ಜೋಡಣೆಗಳನ್ನೂ ಒಂದೊಂದಾಗಿ ಪರೀಕ್ಷಿಸಬಾರದೇಕೆ? ಎಣಿಸಿ ನೋಡೋಣ. ಮೂರು ಪುಟಗಳನ್ನು 3 × 2 × 1, ಅಂದರೆ 6 ವಿಧವಾಗಿ ಜೋಡಿಸಬಹುದು. ಹತ್ತು ಪುಟಗಳಿಗೆ ಈ ಸಂಖ್ಯೆ 36,28,800. ನೂರು ಪುಟಗಳಿಗಾದರೋ ಅದು 158 ಅಂಕಿಗಳ ಸಂಖ್ಯೆ! ಕ್ಷಣಕ್ಕೊಂದರಂತೆ ನೋಡುತ್ತ ಹೋದರೆ ವಿಶ್ವದ ವಯಸ್ಸೂ ಸಾಲದು.

ಇಲ್ಲಿ ನೆರವಿಗೆ ಬರುವುದು ತರ್ಕ. ಹತ್ತು ಪುಟಗಳಲ್ಲಿ ಒಂದರ ಬೆನ್ನಿಗೇ ಇಂಥದೇ ಮತ್ತೊಂದು ಬರುವುದೆಂದು ನಿಶ್ಚಯವಾಯಿತೆನ್ನಿ. ಆ ಎರಡನ್ನೂ ಒಂದೇ ಪುಟವೆಂದು ಎಣಿಸಬಹುದು. ಉಳಿಯುವ ಜೋಡಣೆಗಳು 3,62,880. ಒಂದೇ ಸುಳಿವಿನಿಂದ ಹತ್ತರಲ್ಲಿ ಒಂಬತ್ತು ಪಾಲು ಶ್ರಮ ತಪ್ಪಿತು! ಇಂಥ ಮೂರು ಕೊಂಡಿಗಳು ದೊರೆತರೆ ಉಳಿಯುವುದು 5,040 ಮಾತ್ರ.

ಆದರೆ ಎಚ್ಚರಿಕೆ ಬೇಕು. ಒಂದು ಕೊಂಡಿ ತಪ್ಪಾದರೂ, ನಿಜವಾದ ಅನುಕ್ರಮವು ಉಳಿದ ಜೋಡಣೆಗಳಲ್ಲಿ ಇರುವುದೇ ಇಲ್ಲ. ಎಷ್ಟು ಹುಡುಕಿದರೂ ವ್ಯರ್ಥ. ಆದುದರಿಂದ ನಿಶ್ಚಯವಾದುದನ್ನು ಶಾಯಿಯಲ್ಲಿಯೂ ಊಹೆಯನ್ನು ಪೆನ್ಸಿಲಿನಲ್ಲಿಯೂ ಗುರುತಿಸಬೇಕು. ವಿರೋಧ ಕಂಡೊಡನೆ ಊಹೆಯನ್ನು ಅಳಿಸಲು ಹಿಂಜರಿಯಬಾರದು. ವಿಜ್ಞಾನಿಯ ಮಾರ್ಗವೂ ಇದೇ ಅಲ್ಲವೆ?

1930ರ ದಶಕದಲ್ಲಿ ಇಬ್ಬರು ಈ ಒಗಟನ್ನು ಬಿಡಿಸಿದರು. 2019ರಲ್ಲಿ ಪುಸ್ತಕವು ಪುನರ್ಮುದ್ರಣಗೊಂಡಿತು. 2020ರಲ್ಲಿ ಬ್ರಿಟಿಷ್ ಹಾಸ್ಯಲೇಖಕ ಜಾನ್ ಫಿನ್ನೆಮೋರ್ ತಿಂಗಳುಗಟ್ಟಲೆ ಶ್ರಮಿಸಿ ಉತ್ತರವನ್ನು ಕಂಡುಹಿಡಿದರು.

ಐದು ಪುಟಗಳಲ್ಲಿ ಒಂದು ಕೊಂಡಿ ತಿಳಿದಿದ್ದರೆ ಎಷ್ಟು ಜೋಡಣೆಗಳು ಉಳಿಯುವುವು? ವಾಚಕರೇ ಎಣಿಸಿ ನೋಡಲಿ.